ಕಾಲು ನನ್ನದು, ತೀರ್ಪು ಜಗಲಿಯದು

ಯಾವ ಕಾಯಿಲೆಗೆ ಯಾವ ಆಸ್ಪತ್ರೆ ಅಂತ ಕೇಳಿದರೆ ಡಾಕ್ಟರಾದವರು ಒಂದು ಗಳಿಗೆ ಯೋಚಿಸುತ್ತಾರೆ. ನೆಂಟರು ಯೋಚಿಸುವುದಿಲ್ಲ. ನಮ್ಮ ಬೀಗರಿರುವುದು ತೇನಿ ಜಿಲ್ಲೆಯ ಕಂಬಂನಲ್ಲಿ. ಎಷ್ಟೋ ತಲೆಮಾರಿನ ಹಿಂದೆ ಅತ್ತ ಹೋಗಿ ನೆಲೆನಿಂತ ಒಕ್ಕಲು ಮನೆತನ; ಬೀದಿಗೆ ತಮಿಳು, ಒಲೆಯ ಮುಂದೆ ಕನ್ನಡ. ಅವರಿಗೆ ಕನ್ನಡ ಓದಲು ಬಾರದು ನಿಜ, ಆದರೆ ಬೈಯಲು, ಮುದ್ದಿಸಲು, ಮುಖ್ಯವಾಗಿ ಮದ್ದು ಹೇಳಲು ಇರುವಷ್ಟೇ ಧಾರಾಳ.

ಆ ಕಣಿವೆ ಮುಲ್ಲಪೆರಿಯಾರ್ ನೀರಿನ ಕೃಪೆ. ದ್ರಾಕ್ಷಿ ಚಪ್ಪರದಡಿ ನಡೆಯುವವರು ಗೊಂಚಲು ನೋಡಬೇಕೋ ನೆಲ ನೋಡಬೇಕೋ ಅನ್ನುವುದು ಧರ್ಮಸಂಕಟ. ನಾನು ಗೊಂಚಲನ್ನು ಆರಿಸಿಕೊಂಡೆ. ಬದುವಿನ ಮೇಲೆ ಪಾದ ಒಂದು ಕಡೆ ಹೊರಟಿತು, ನಾನು ಇನ್ನೊಂದು ಕಡೆ.

ಜಗಲಿಯಲ್ಲಿ ಸಭೆ ಸೇರಿತು. ಬೋಡಿಯ ಮಾವನವರು ಮೂಳೆ ಕೂಡಿಸುವ ನಾಟಿ ವೈದ್ಯರ ‘ಪುತ್ತೂರು ಕಟ್ಟು’ ಅಂದರು. ಆ ಬೋರ್ಡು ತಮಿಳುನಾಡಿನ ಯಾವ ಪೇಟೆಯಲ್ಲಿ ಇಲ್ಲ ಹೇಳಿ! ದಿಂಡಿಗಲ್ ಕಡೆಯ ಅಜ್ಜಿಗೆ 1955ರಿಂದ ಇರುವ ಒಡ್ಡನ್‌ಛತ್ರಂನ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆಯ ಮೇಲೆ ಭಕ್ತಿ. ಅವರ ಮಕ್ಕಳು ಹುಟ್ಟಿದ್ದು ಅಲ್ಲಿ. ಅತ್ತಿಗೆಯವರದು ತೇನಿಯ ಅರವಿಂದ್.

“ಅದು ಕಣ್ಣಿನ ಆಸ್ಪತ್ರೆ ಅಲ್ವಾ ಅತ್ತಿಗೆ?”

“ಆದರೇನಂತೆ? ನಮ್ಮಮ್ಮನ ಪೊರೆ ಎಷ್ಟು ಚೆನ್ನಾಗಿ ತೆಗೆದರು!”

ಈ ತರ್ಕಕ್ಕೆ ನಗುವುದು ಸುಲಭ, ಎದುರಾಡುವುದು ಕಷ್ಟ. ಕೀಲುವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಸಹಸ್ರಾರು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ ಡಾ. ವೆಂಕಟಸ್ವಾಮಿಯವರು 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಯಿಂದ ಆರಂಭಿಸಿದ ಸಂಸ್ಥೆ ಅದು. ಹೆಮ್ಮೆಯ ಹೆಸರೇ ಸರಿ. ಆದರೆ ಆಸ್ಪತ್ರೆಯ ಹೆಸರು ಬೆಳೆದದ್ದು ಕಣ್ಣಿನಿಂದ, ಊದಿದ್ದು ನನ್ನ ಕಾಲು.

ಹಿರಿಯರೆಲ್ಲ ಕೊನೆಗೆ ಬಂದು ನಿಂತದ್ದು ಮದುರೈಗೆ. ಅವರ ಕಾಲದಲ್ಲಿ ದೊಡ್ಡ ಕಾಯಿಲೆ ಅಂದರೆ ಮದುರೈ ಬಸ್ಸು ಅಂತಲೇ ಅರ್ಥ. ತೇನಿಯ ಹತ್ತಿರ ಕ. ವಿಲಕ್ಕಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2004ರಲ್ಲಿ, ದಿಂಡಿಗಲ್ಲಿನದು ಉದ್ಘಾಟನೆಯಾದದ್ದು 2022ರಲ್ಲಿ. ಆಸ್ಪತ್ರೆಗಳು ಹತ್ತಿರ ಬಂದವು, ಅಭ್ಯಾಸ ಮಾತ್ರ ಇನ್ನೂ ಮದುರೈ ಬಸ್ಸಿನಲ್ಲೇ ಕೂತಿದೆ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದಳು ಮನೆಯ ಸೊಸೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು. ಯಾವ ಆಸ್ಪತ್ರೆ ಅಂತ ಅವಳು ಕೇಳಲೇ ಇಲ್ಲ. “ಮಾವ, ನಾಲ್ಕು ಹೆಜ್ಜೆ ಇಡಿ ನೋಡೋಣ” ಅಂದಳು. ಇಟ್ಟೆ, ಅಯ್ಯೋ ಅನ್ನುತ್ತಲೇ. ಹರಡಿನ ಎರಡೂ ಪಕ್ಕದ ಮೂಳೆ ಒತ್ತಿ ನೋಡಿದಳು. “ಇದಕ್ಕೆ ಮದುರೈ ಯಾಕೆ? ಬೆಳಿಗ್ಗೆ ಇಲ್ಲೇ ಹತ್ತಿರದ ಡಾಕ್ಟರಿಗೆ ತೋರಿಸಿ. ಅವರು ಬೇಕು ಅಂದರೆ ಎಕ್ಸ್‌ರೇ, ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ದೊಡ್ಡ ಆಸ್ಪತ್ರೆ.” ಆಮೇಲೆ ಸಭೆಯ ಕಡೆ ತಿರುಗಿ ದನಿ ಏರಿಸಿದಳು: “ಎದೆ ನೋವು, ಬಾಯಿ ಸೊಟ್ಟ, ಒಂದು ಕೈ ಬಿದ್ದುಹೋಯ್ತು ಅಂದಾಗ ಮಾತ್ರ ಹೀಗೆ ಕೂತು ಮಾತಾಡ್ಬೇಡಿ. ಮೊದಲು 108ಕ್ಕೆ ಫೋನ್ ಮಾಡಿ.”

ಸಭೆ ಗಪ್‌ಚಿಪ್. ಎಲ್ಲದಕ್ಕೂ ಮದುರೈಗೆ ಓಡಬೇಕಿಲ್ಲ ಅನ್ನುವುದಕ್ಕೆ ಮನೆಯಲ್ಲೇ ಸಾಕ್ಷಿಯಿತ್ತು: ಬೀಗರ ಬಿ.ಪಿ. ಮಾತ್ರೆಯೇ ತಮಿಳುನಾಡು ಸರ್ಕಾರದ, 2021ರಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನಿತ್ಯದ ಕಾಯಿಲೆಗೆ ಬಾಗಿಲು, ಹಠಾತ್ತನೆ ಬಂದದ್ದಕ್ಕೆ 108, ನಡುವಿನದಕ್ಕೆ ಹತ್ತಿರದ ಡಾಕ್ಟರು: ಆಯ್ಕೆಯ ಶಾಸ್ತ್ರವೆಲ್ಲ ಇಷ್ಟೇ.

ಬೆಳಿಗ್ಗೆ ಡಾಕ್ಟರು ಉಳುಕು ಅಂದರು. ಬಟ್ಟೆ ಸುತ್ತಿದರು, ಕಾಲು ಎತ್ತರಕ್ಕಿಟ್ಟುಕೊಂಡು ಐಸು ಒತ್ತಲು ಹೇಳಿ ಕಳಿಸಿದರು. ಊತ ಇಳಿಯಿತು. ಮೊನ್ನೆ ಫೋನಿನಲ್ಲಿ ಬೀಗರ ಸಮಾಚಾರ ಕೇಳಿದೆ. ಬೋಡಿಯ ಮಾವನವರಿಗೆ ವಿಪರೀತ ಹಲ್ಲುನೋವಂತೆ. ಅತ್ತಿಗೆಯವರು ಅವರನ್ನು ಕರೆದುಕೊಂಡು ಅದೇ ಡಾಕ್ಟರ ಹತ್ತಿರ ಹೊರಟಿದ್ದಾರಂತೆ: “ಬೀಗರ ಕಾಲು ಎಷ್ಟು ಚೆನ್ನಾಗಿ ವಾಸಿ ಮಾಡಿದರು!”