ಒಂದು ಪ್ಲೇಟ್ ಒಗ್ಗರಣಿ

ಬೆಂಗಳೂರಿಗೆ ಮೊದಲ ಸಲ ಹೋದಾಗ ಮೆಜೆಸ್ಟಿಕ್ ಹತ್ತಿರದ ಹೋಟೆಲೊಂದರಲ್ಲಿ ಕೂತು, ನಮ್ಮೂರು ಸಂತೆಕಲ್ಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಷ್ಟೇ ಧೈರ್ಯದಿಂದ, ‘ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ’ ಎಂದೆ. ಸಪ್ಲಾಯರ್ ಹುಡುಗ ನನ್ನನ್ನೇ ತುಸು ಹೊತ್ತು ನೋಡಿ, ‘ಯಾವುದಕ್ಕೆ ಸಾರ್ ಒಗ್ಗರಣೆ? ಚಟ್ನಿಗಾ, ಸಾಂಬಾರಿಗಾ?’ ಎಂದ. ಎರಡು ಮಿರ್ಚಿಯೆಂದರೆ ಎರಡು ಬಜ್ಜಿಯಲ್ಲ, ಎರಡು ಒಣಮೆಣಸಿನಕಾಯಿ ಎಂದುಕೊಂಡಿದ್ದನೇನೋ. ಸಾಸಿವೆ, ಎಣ್ಣೆ, ಮೆಣಸಿನಕಾಯಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಜನ ರಾಯಚೂರು ಕಡೆ ಇದ್ದಾರೆಂದು ಅವನು ಇವತ್ತಿಗೂ ನಂಬಿರಬಹುದು.

ತಪ್ಪು ಅವನದಲ್ಲ. ನಮ್ಮ ಒಗ್ಗರಣಿ ಮಂಡಾಳಿನ, ಅಂದರೆ ಹುರಿದು ಉಬ್ಬಿಸಿದ ಅಕ್ಕಿಯ ತಿಂಡಿ. ಮಂಡಾಳನ್ನು ನೀರಿಗೆ ಹಾಕಿ, ಮೆತ್ತಗಾಗುವಷ್ಟರಲ್ಲಿ ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯಬೇಕು. ಗಳಿಗೆ ತಡವಾದರೆ ಗಂಜಿ, ಬೇಗವಾದರೆ ಥರ್ಮಾಕೋಲು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಚಟಪಟ ಎಂದಮೇಲೆ ಅರಿಷಿಣ, ಹಿಂಡಿದ ಮಂಡಾಳು, ಕೊನೆಗೆ ಉದುರಿಸಿದ ಪುಟಾಣಿ ಹಿಟ್ಟು. ಇಷ್ಟೆಲ್ಲ ನೆನೆದು, ಹಿಂಡಿಸಿಕೊಂಡು, ಹುರಿದುಕೊಂಡ ಮಂಡಾಳಿಗೆ ಹೆಸರಿನಲ್ಲಿ ಜಾಗವೇ ಇಲ್ಲ. ಅರ್ಧ ನಿಮಿಷದ ಒಗ್ಗರಣೆ ಬಂದು ಬೋರ್ಡು ಹಾಕಿಕೊಂಡಿದೆ.

ಇದೇ ಪ್ಲೇಟು ಹುಬ್ಬಳ್ಳಿಗೆ ಹೋದರೆ ಸುಸಲಾ. ಕರ್ನೂಲು, ಅನಂತಪುರದ ಕಡೆ ಉಗ್ಗಾನಿ. ನಮ್ಮ ಒಗ್ಗರಣಿಯೇ ಗಡಿ ದಾಟುವಾಗ ಚೆಕ್‌ಪೋಸ್ಟಿನಲ್ಲಿ ನಡುವಿನ ‘ರ’ ಕಳೆದುಕೊಂಡಿದೆ ಎಂಬುದು ನನ್ನ ಅನುಮಾನ. ಮರಾಠವಾಡದಲ್ಲಂತೂ ಅದು ಸುಶೀಲಾ. ನಾಂದೇಡ್ ಕಡೆಯ ಬೀಗರು ಫೋನಿನಲ್ಲಿ ‘ಮುಂಜಾನೆ ಸುಶೀಲಾ ಖಾಲಿ ಆಯಿತು’ ಎಂದಾಗ ನಾನು ಯಾರು ತೀರಿಕೊಂಡರೆಂದು ಗಾಬರಿಯಾಗಿದ್ದೆ. ಸಿಂಧನೂರು ಪಕ್ಕದ ಆರ್.ಎಚ್. ಕ್ಯಾಂಪಿನ ಬಂಗಾಲಿಗಳಿಗೆ ಮಂಡಾಳು ಮುರಿ. ಮೈಸೂರಿನವರಿಗೆ ಪುರಿ, ಅಲ್ಲಿ ಪುರಿ ತಾ ಎಂದರೆ ಮಗು ಕಿರಾಣಿ ಅಂಗಡಿಗೆ ಓಡಬೇಕೋ, ತಾಯಿ ಬಾಣಲೆ ಇಡಬೇಕೋ ಅವರಿಗೇ ಗೊತ್ತು.

ಮೊನ್ನೆ ಅಣ್ಣನ ಮಗ ಸಿಂಧನೂರಿನಿಂದ ಶವರ್ಮಾ ಕಟ್ಟಿಸಿಕೊಂಡು ಬಂದ. ಜೊತೆಗೊಂದು ಭಾಷಣ: ತುರ್ಕಿಯವರ ‘ದೊನೆರ್’ ಎಂದರೆ ತಿರುಗುವುದು, ಗ್ರೀಕರ ‘ಗೀರೊ’ ಎಂದರೂ ತಿರುಗುವುದು, ಶವರ್ಮಾ ಕೂಡ ತಿರುಗಿಸುವುದೆಂಬ ತುರ್ಕಿ ಮಾತಿನಿಂದಲೇ ಬಂದದ್ದು. 1974ರಲ್ಲಿ ತುರ್ಕಿಯ ಸೇನೆ ಸೈಪ್ರಸ್‌ಗೆ ಇಳಿದಮೇಲೆ ಗ್ರೀಕರ ಲೋಟದಲ್ಲಿದ್ದ ಟರ್ಕಿಷ್ ಕಾಫಿ ಗ್ರೀಕ್ ಕಾಫಿ ಆಯಿತಂತೆ, ಪುಡಿ ಅದೇ. ನನಗೆ ಸಮಾಧಾನವಾಯಿತು. ಶವರ್ಮಾದ ಮಾಂಸಕ್ಕೂ ಹೆಸರಿನಲ್ಲಿ ಜಾಗ ಸಿಕ್ಕಿಲ್ಲ, ತಿರುಗಿದ್ದಷ್ಟೇ ದಾಖಲೆ.

ನಮ್ಮ ಮನೆಯ ಸೈಪ್ರಸ್ ಒಂದು ಮಂಡಾಳಿನ ತಗಡು ಡಬ್ಬಿ. ಹೆಂಡತಿ ದಾವಣಗೆರೆಯವಳು. ಮದುವೆಯಾಗಿ ಬಂದ ವರ್ಷವೇ ಅದರ ಮೇಲೆ ‘ಮಂಡಕ್ಕಿ’ ಎಂದು ಚೀಟಿ ಅಂಟಿಸಿದಳು. ಅವ್ವನಿಗೆ ಓದು ಬಾರದು. ಹಾಗಾಗಿ ಆಕೆ ಸೋಲಲೇ ಇಲ್ಲ. ‘ಮಂಡಾಳ ಡಬ್ಬಿ ತಾ’ ಎನ್ನುತ್ತಾಳೆ, ಇವಳು ‘ಮಂಡಕ್ಕಿ ತಗೊಳ್ರಿ ಅತ್ತೆ’ ಎಂದು ಕೊಡುತ್ತಾಳೆ. ನಮ್ಮ ತಾಲ್ಲೂಕು ಲಿಂಗಸುಗೂರು ಇದ್ದದ್ದು ಮಸ್ಕಿ ಆಯಿತು. ಡಬ್ಬಿಯ ವ್ಯಾಜ್ಯ ಮಾತ್ರ ಇನ್ನೂ ವಿಚಾರಣೆಯಲ್ಲಿದೆ.

ಒಮ್ಮೆ ನಡುವೆ ಬಿದ್ದು ಸಂಧಾನಕ್ಕೆ ಹೊರಟೆ. ‘ನೋಡ್ರಿ, ಶಾಸನಗಳ ದೇವಾನಾಂಪ್ರಿಯ ಅಂದರೆ ಯಾರು ಅಂತ ಪಂಡಿತರು ತಲೆ ಕೆಡಿಸಿಕೊಂಡಿದ್ದರು. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ ನಮ್ಮ ಮಸ್ಕಿಯ ಬಂಡೆ ಸಿಕ್ಕಿತು. ಅದರಾಗ ಅಶೋಕ ಅಂತ ಹೆಸರೇ ಬರೆದಿತ್ತು. ಎರಡು ಹೆಸರು, ಒಬ್ಬನೇ ರಾಜ. ಹಂಗ...’

‘ಆ ಕಲ್ಲಿನ ಮೇಲೆ ಮಂಡಕ್ಕಿ ಅಂತ ಐತಾ, ಹೋಗಿ ನೋಡ್ಕಂಡ್ ಬರ್ರಿ’ ಎಂದಳು ಹೆಂಡತಿ.

ಒಳಗಿನಿಂದ ಅವ್ವನ ದನಿ: ‘ಮಸ್ಕಿಗೆ ಹೊಂಟಿ ಏನಪ? ಬರಾಗ ಎರಡು ಸೇರು ಮಂಡಾಳು ತಗೊಂಡು ಬಾ.’