ಧರ್ಮಾರ್ಥ ಮ್ಯಾರಥಾನ್: ಒಂದು ಲಘು ಮೀಮಾಂಸೆ

ಒಬ್ಬನ ಮಂಡಿ ಸವೆಸಿ, ಹತ್ತಾರು ಜನರ ಜೇಬು ಹಗುರ ಮಾಡಿ, ಇನ್ನಾರದೋ ಕ್ಯಾನ್ಸರಿನಂಥ ಕಾಯಿಲೆಗೆ ಮದ್ದು ಒದಗಿಸುವ ಕ್ರಿಯೆಗೆ ಧರ್ಮಾರ್ಥ ಮ್ಯಾರಥಾನ್ ಎಂದು ಹೆಸರು. ಇದರ ಮಹಾಕ್ಷೇತ್ರ ಲಂಡನ್. 1981ರಲ್ಲಿ ಶುರುವಾದ ಅಲ್ಲಿನ ಓಟ ಬ್ಲ್ಯಾಕ್‌ಹೀತ್ ಕಡೆಯಿಂದ ಹೊರಟು, ಟವರ್ ಬ್ರಿಜ್ ದಾಟಿ, ಬಕಿಂಗ್‌ಹ್ಯಾಮ್ ಅರಮನೆಯ ಹತ್ತಿರ ಮುಗಿಯುತ್ತದೆ. ದೂರ 42.195 ಕಿ.ಮೀ. 1908ರ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಕೋಟೆಯಿಂದ ಕ್ರೀಡಾಂಗಣದ ರಾಜಾಸನದ ಮುಂದಿನವರೆಗೆ ಅಳೆದ ಈ ಅಂತರ 1921ರಲ್ಲಿ ಶಾಸ್ತ್ರವೇ ಆಯಿತು. ಕ್ಯಾನ್ಸರ್ ಕೋಶಗಳಿಗೂ ಈ ಸಂಖ್ಯೆಗೂ ಯಾವ ನಂಟೂ ಇಲ್ಲ.

ಇದಕ್ಕೆ ಅಧಿಕಾರಿ, ಅಂದರೆ ಅರ್ಹ, ಯಾರು? 2025ರ ಓಟಕ್ಕೆ ಅರ್ಜಿ ಹಾಕಿದವರು ಎಂಟು ಲಕ್ಷಕ್ಕೂ ಹೆಚ್ಚು. ಗುರಿ ಮುಟ್ಟಿದವರು ಸುಮಾರು 56 ಸಾವಿರ. ಚೀಟಿ ಎತ್ತಿದಾಗ ಹೆಸರು ಬಾರದವರಿಗೆ ದತ್ತಿಸಂಸ್ಥೆಗಳು ಕೊಂಡಿಟ್ಟುಕೊಂಡ ಜಾಗಗಳಿವೆ. ಅದು ಬೇಕಾದರೆ ಸಾಮಾನ್ಯವಾಗಿ 2,000 ಪೌಂಡ್ ಆಸುಪಾಸು ಕೂಡಿಸಿಕೊಡುವ ಮಾತು ಕೊಡಬೇಕು. ಜೋರಾಗಿ ಓಡಲು ಬರಬೇಕೆಂಬ ನಿಯಮವಿಲ್ಲ. ಕೇಳಲು ನಾಚಬಾರದು, ಅಷ್ಟೆ.

ಇಲ್ಲಿ ಪೂರ್ವಪಕ್ಷ: ಕ್ಯಾನ್ಸರ್ ರಿಸರ್ಚ್ ಯುಕೆ, ಮ್ಯಾಕ್‌ಮಿಲನ್‌ನಂಥ ದತ್ತಿಸಂಸ್ಥೆಗಳಿಗೆ ಸಲ್ಲುವ ದುಡ್ಡನ್ನು ಮನೆಯಲ್ಲಿ ಚಹಾ ಕುಡಿಯುತ್ತಲೇ ಕಳಿಸಬಹುದು. ಅದಕ್ಕಾಗಿ ಬ್ಯಾಂಕಿನ ಗುಮಾಸ್ತನೊಬ್ಬ ಚಳಿಗಾಲವಿಡೀ ಮಳೆಯಲ್ಲಿ ತೊಯ್ಯಬೇಕೇಕೆ? ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಲೋಕಾನುಭವದಲ್ಲಿದೆ. ಸುಮ್ಮನೆ ಕೈಚಾಚಿದವನಿಗೆ ‘ಮುಂದೆ ಹೋಗಪ್ಪ’ ಎನ್ನಬಹುದು, ಓಡಿ ಓಡಿ ಕಾಲ ಉಗುರು ಕಪ್ಪಾದವನಿಗೆ ಹಾಗೆನ್ನಲು ಬಾಯಿ ಬಾರದು. ಇದೂ ಉರುಳುಸೇವೆಯಂಥದ್ದೇ. ಅಲ್ಲಿ ಉರುಳುವವನೇ ಹುಂಡಿಗೂ ಹಾಕುತ್ತಾನೆ. ಇಲ್ಲಿ ಉರುಳುವವನು ಒಬ್ಬ, ಹುಂಡಿಗೆ ಹಾಕುವವರು ಬೇರೆ. ಭೇದ ಅಷ್ಟೇ.

ಹೀಗಾಗಿ ಕಷ್ಟ ಬೆಳೆದಷ್ಟೂ ಫಲ ಬೆಳೆಯುತ್ತದೆ. ಖಡ್ಗಮೃಗದ ವೇಷ ತೊಟ್ಟು ಓಡುವವರು ಇದನ್ನು ಬಲ್ಲರು. ಇದರ ಪರಾಕಾಷ್ಠೆ ಲಾಯ್ಡ್ ಸ್ಕಾಟ್. ರಕ್ತದ ಕ್ಯಾನ್ಸರ್ ಗೆದ್ದು ಬಂದ ಈ ಮಾಜಿ ಅಗ್ನಿಶಾಮಕ ದಳದವರು 2002ರಲ್ಲಿ ಹಳೆಯ ಕಾಲದ ಆಳಸಮುದ್ರ ಮುಳುಗುಗಾರರ ಭಾರೀ ಪೋಷಾಕು ಹೊತ್ತು, ಐದು ದಿನಕ್ಕೂ ಮೀರಿ ನಡೆದು ಲಂಡನ್ ಮ್ಯಾರಥಾನ್ ಮುಗಿಸಿದರು. ಹಣ ಹೋದದ್ದು ಕ್ಯಾನ್ಸರ್ ಪೀಡಿತ ಮಕ್ಕಳಿಗೆ. ವ್ಯಾಖ್ಯಾನಕಾರರು ಈ ಭಾಗಕ್ಕೆ ಟೀಕೆ ಬರೆದಿಲ್ಲ.

ದಾನಿಗಳ ವಿಷಯದಲ್ಲಿ ಕ್ರಮ ಮುಖ್ಯ. ದೇಣಿಗೆಯ ಪುಟದಲ್ಲಿ ಮೊದಲ ಮೊತ್ತ ಎಲ್ಲರ ಕಣ್ಣಿಗೂ ಬೀಳುವುದರಿಂದ ಬೋಣಿಯನ್ನು ಉದಾರಿ ಸೋದರಮಾವನಿಂದ ಮಾಡಿಸತಕ್ಕದ್ದು. ಆಫೀಸಿನ ಜಿಪುಣನ ಐದು ಪೌಂಡು ಮೇಲೆ ನಿಂತರೆ ಉಳಿದವರೂ ಐದಕ್ಕೇ ನಿಲ್ಲುತ್ತಾರೆ. ದಾನಿ ತೆರಿಗೆ ಕಟ್ಟುವವನಾಗಿದ್ದು ಒಪ್ಪಿಗೆ ಕೊಟ್ಟರೆ, ಸಂಸ್ಥೆಗೆ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರದಿಂದಲೂ ಸಿಗುತ್ತದೆ. ಉಗುರು ತೋರಿಸದೆಯೂ ಕೊಡುವ ದಾನಿ ಇದೊಂದೇ.

ಓಟಗಾರ ಮಾರನೆಯ ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾನೆ. ‘ಓಡಿ ಬಾ, ಆಮೇಲೆ ಕೊಡುತ್ತೇನೆ’ ಎಂದಿದ್ದವರು ಗಮನಿಸಬೇಕು: ಓಟ ಮುಗಿದರೂ ದೇಣಿಗೆಯ ಪುಟ ಕೆಲಕಾಲ ತೆರೆದೇ ಇರುತ್ತದೆ.