ಮೇಷ್ಟ್ರು ತೆಪ್ಪ ಕೊಂಡರು

ಹಳೇಬೀಡಿನ ಕಡೆ ರಿಟೈರ್ ಆದವರು ಸೈಟು ಕೊಳ್ಳುತ್ತಾರೆ, ಇಲ್ಲವೇ ದಾಯಾದಿಗಳ ಮೇಲೆ ಕೇಸು ಹಾಕುತ್ತಾರೆ. ಗಣಿತದ ಮೇಷ್ಟ್ರೊಬ್ಬರು ತೆಪ್ಪ ಕೊಂಡರು. ಮೀನು ಹಿಡಿಯುವವರ ಕೈಯಲ್ಲಿ ಸವೆದ ಫೈಬರ್ ತೆಪ್ಪ, ಜೊತೆಗೊಂದು ಹುಟ್ಟು. "ನಿಮಗೆ ಈಜು ಬರಲ್ವಲ್ರೀ" ಎಂದು ಹೆಂಡತಿ ಅಂದದ್ದಕ್ಕೆ, "ತೆಪ್ಪಕ್ಕೆ ತೇಲಕ್ಕೆ ಬರುತ್ತಲ್ಲ, ಸಾಕು" ಅಂದರು.

ದ್ವಾರಸಮುದ್ರ ಕೆರೆ ವರ್ಷಗಟ್ಟಲೆ ಬತ್ತಿ, ನೀರು ತುಂಬಿಸಿ ಎಂದು ಊರಿಗೆ ಊರೇ ಬೀದಿಗಿಳಿದದ್ದನ್ನು ಕಂಡವರಿಗೆ ತುಂಬಿದ ಕೆರೆ ನೋಡಿ ತಲೆ ತಿರುಗುವುದು ಸಹಜ. ಮೇಷ್ಟ್ರದು ನಿಜಕ್ಕೂ ತಿರುಗಿತು.

ತೆಪ್ಪಕ್ಕೆ ಹಿಂದು ಮುಂದು ಇಲ್ಲ. ಬಲಕ್ಕೆ ಹುಟ್ಟು ಹಾಕಿದರೆ ಎಡಕ್ಕೆ ಸುತ್ತುತ್ತದೆ, ಎಡಕ್ಕೆ ಹಾಕಿದರೆ ಬಲಕ್ಕೆ. ಮೇಷ್ಟ್ರು ಬಲಗೈಯವರು. ದೇವಸ್ಥಾನ ಬಂತು, ಹೋಯಿತು. ತೆಂಗಿನ ತೋಟ ಬಂತು, ಕೆರೆ ಏರಿ ಬಂತು, ಏರಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಹೆಂಡತಿ ಬಂದರು, ಹೋದರು. ಮತ್ತೆ ದೇವಸ್ಥಾನ. ಹೊಯ್ಸಳೇಶ್ವರನಿಗೆ ಭಕ್ತರು ಪ್ರದಕ್ಷಿಣೆ ಬರುವುದು ವಿಷ್ಣುವರ್ಧನನ ಕಾಲದಿಂದ ನಡೆದು ಬಂದಿದೆ; ಹೊಯ್ಸಳೇಶ್ವರನೇ ಮೇಷ್ಟ್ರೊಬ್ಬರಿಗೆ ಪ್ರದಕ್ಷಿಣೆ ಬಂದದ್ದು ಅವತ್ತೇ ಇರಬೇಕು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಶಿಲ್ಪಗಳನ್ನು ನೋಡಲು ಬಂದವರು ಅವನ್ನು ಬಿಟ್ಟು ಮೊಬೈಲನ್ನು ಕೆರೆ ಕಡೆ ಹಿಡಿದರು. ಎರಡು ನಂದಿಗಳು ಮಾತ್ರ ಎಂದಿನಂತೆ ಶಿವನ ಕಡೆ ಮುಖ, ಕೆರೆ ಕಡೆ ಬೆನ್ನು ಮಾಡಿ ಕೂತು ಮೇಷ್ಟ್ರ ಮಾನ ಉಳಿಸಿದವು. ಸರ್ವೀಸು ಪೂರ್ತಿ ಹಲಗೆಯ ಮೇಲೆ ವೃತ್ತ ಬರೆದವರು ಈಗ ಅದರ ಕೇಂದ್ರಬಿಂದುವಾಗಿದ್ದರು.

ಅವರ ಪರವಾಗಿ ಹೇಳಬಹುದಾದ ಮಾತೂ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊಳೆ ದಾಟಿಸುತ್ತಿದ್ದ ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನು ಕಂಡು, ಇವು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಹುಟ್ಟು ಹಿಡಿದವರು ಕಸುಬಿನ ಅಂಬಿಗರು.

ಕೊನೆಗೆ ದಡದಿಂದ ಬಲೆ ಬಿಡಿಸುತ್ತಿದ್ದವನೊಬ್ಬ ಕೂಗಿದ: "ಮೇಷ್ಟ್ರೇ, ಪಕ್ಕಕ್ಕೆ ಹಾಕ್ಬ್ಯಾಡಿ! ಮುಂದಕ್ಕೆ ಬಗ್ಗಿ, ನೀರ್ನ ನಿಮ್ ಕಡೀಕೆ ಎಳ್ಕಳಿ!" ಎಳೆದುಕೊಂಡರು. ತೆಪ್ಪ ಒಂದೆರಡು ಸಲ ಓಲಾಡಿ, ದಡದ ಕಡೆ ಹೊರಟಿತು. ಉಳಿದ ಪಾಠ ಬೇಗ ಮುಗಿಯಿತು. ಹತ್ತುವಾಗ ಅಂಚು ತುಳಿಯಬಾರದು, ನಡುವೆ ಕಾಲಿಡಬೇಕು. ನೀರಿನ ಮೇಲೆ ಏಳಬಾರದು. ಗಾಳಿ ಎದ್ದ ದಿನ ಇಳಿಯಲೇಬಾರದು, ಹಗುರ ತೆಪ್ಪ ಗಾಳಿ ಹೇಳಿದಂತೆ ಕೇಳುತ್ತದೆ.

ಕಷ್ಟ ಶುರುವಾದದ್ದು ನೆಂಟರಿಂದ. ಬೆಂಗಳೂರಿನಿಂದ ಬಂದ ಬಾಮೈದನಿಗೆ ತೆಪ್ಪದಲ್ಲಿ ನಿಂತೇ ಸೆಲ್ಫಿ ಆಗಬೇಕು. "ಇನ್ನಿಬ್ಬರು ಹಿಡೀತಾರೆ ಬಿಡಿ ಭಾವ." ಈ ಮಾತು ಎಲ್ಲ ದಡದಲ್ಲೂ ಕೇಳಿಬರುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕಿಕ್ಕಿರಿದಿದ್ದ ಆ ದೋಣಿಯಲ್ಲಿ ಮಕ್ಕಳೂ ಇದ್ದರು.

ಮೇಷ್ಟ್ರು ಲೈಫ್ ಜಾಕೆಟ್ ಮುಂದಿಟ್ಟರು. ಬಾಮೈದ ಅದರ ಕಿತ್ತಳೆ ಬಣ್ಣ ನೋಡಿ, ತನ್ನ ಅಂಗಿ ನೋಡಿಕೊಂಡ. "ಫೋಟೋದಲ್ಲಿ ಅಂಗಿನೇ ಕಾಣಲ್ಲ ಭಾವ." ಸರಿ, ಎಂದ ಮೇಷ್ಟ್ರು ತಮ್ಮ ಚಪ್ಪಲಿ, ಹೆಂಡತಿಯ ಚಪ್ಪಲಿ ಎರಡನ್ನೂ ಅವನ ಮುಂದೆ ಬಿಟ್ಟು, ನಾಯಿ ಎತ್ತಿಕೊಂಡು ಹೋಗದ ಹಾಗೆ ನೋಡ್ಕೊ ಎಂದು ಹೇಳಿ ತೆಪ್ಪ ತಳ್ಳಿದರು.